‘ಮಾಸ್ಲೊ ನನ್ನ ತಂದೆಯೇ ಅಲ್ಲ!’: ತ್ರಿಕೋನರಾಯರ ಸಂದರ್ಶನ

ಬಿ.ಎಡ್. ನೋಟ್ಸಿನಿಂದ ಎಂಬಿಎ ಪುಸ್ತಕದವರೆಗೆ ಎಲ್ಲೆಡೆ ಮೆರೆಯುವ ಐದಂತಸ್ತಿನ ‘ಅಗತ್ಯಗಳ ತ್ರಿಕೋನ’ ಬೆಂಗಳೂರಿನ ಕಂಪನಿಯೊಂದರ ತರಬೇತಿ ಕೋಣೆಯಲ್ಲಿ ಮಾತಿಗೆ ಸಿಕ್ಕಿತು. ಎಲ್ಲರೂ ಊಟಕ್ಕೆ ಹೋಗಿದ್ದರು. ಪ್ರೊಜೆಕ್ಟರ್ ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ.

ನಾವು: ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ ನಿಮ್ಮ ತಂದೆಯವರಲ್ಲವೇ?

ತ್ರಿಕೋನ: ಊರೆಲ್ಲ ಹಾಗೇ ಅನ್ನುತ್ತೆ. 1943ರ ಅವರ ಲೇಖನ ತೆರೆದು ನೋಡಿ, ನಾನಲ್ಲಿ ಇಲ್ಲವೇ ಇಲ್ಲ. 1960ರಲ್ಲಿ ಚಾರ್ಲ್ಸ್ ಮೆಕ್‌ಡರ್ಮಿಡ್ ಎಂಬ ಸಲಹೆಗಾರರು ಅಮೆರಿಕದ ವ್ಯಾಪಾರ ಪತ್ರಿಕೆಯೊಂದರಲ್ಲಿ ನನ್ನ ಗೆರೆ ಎಳೆದರು. ಲೇಖನದ ವಿಷಯ, ದುಡ್ಡು ಮನುಷ್ಯರನ್ನು ಹೇಗೆ ಹುರಿದುಂಬಿಸುತ್ತದೆ ಅಂತ. ಹುಟ್ಟಿದ ಮನೆ ಯಾವುದು ಅಂತ ತಿಳಿಯಿತಲ್ಲ?

ನಾವು: ಕೆಳಗಿನ ಅಂತಸ್ತು ತುಂಬದೆ ಮೇಲಕ್ಕೆ ಹತ್ತುವಂತಿಲ್ಲ ಎಂಬ ಕಟ್ಟಪ್ಪಣೆಯಾದರೂ ಮಾಸ್ಲೊ ಅವರದೇ?

ತ್ರಿಕೋನ: ಅವರು ಅಷ್ಟು ಬಿಗಿಯಲ್ಲ. ಸಾಮಾನ್ಯ ಮನುಷ್ಯನಿಗೆ ಹೊಟ್ಟೆಪಾಡು ಶೇ. 85, ಭದ್ರತೆ 70, ಪ್ರೀತಿ 50, ಸ್ವಾಭಿಮಾನ 40, ಆತ್ಮಸಾಕ್ಷಾತ್ಕಾರ 10ರಷ್ಟು ಈಡೇರಿರಬಹುದು ಅಂದಿದ್ದರು.

ನಾವು: ಯಾವ ಸಮೀಕ್ಷೆಯ ಅಂಕಿ?

ತ್ರಿಕೋನ: ಎಲ್ಲಿಯ ಸಮೀಕ್ಷೆ ಸ್ವಾಮಿ! ಉದಾಹರಣೆಗೆಂದು ತೋಚಿದ್ದು ಹಾಕಿದ್ದೇನೆ ಅಂತ ಅವರೇ ಬರೆದುಕೊಂಡಿದ್ದಾರೆ. ಆದರ್ಶಕ್ಕಾಗಿ ಎಲ್ಲವನ್ನೂ ಬಿಟ್ಟುಕೊಡುವವರಿದ್ದಾರೆ ಅಂತಲೂ ಹೇಳಿದ್ದರು. ಆ ಮಾತಿಗೆ ಸ್ಲೈಡಿನಲ್ಲಿ ಜಾಗ ಸಾಲಲಿಲ್ಲ.

(ಜಾಗ ಧಾರಾಳವಾಗಿತ್ತು. ಅರ್ಧ ಪರದೆಯನ್ನು ಕಂಪನಿಯ ಲಾಂಛನ ಆಕ್ರಮಿಸಿತ್ತು.)

ನಾವು: ನಾಳೆಯ ಅಕ್ಕಿಗೆ ಗತಿಯಿಲ್ಲದವನೂ ಸಾಲ ಎತ್ತಿ, ಸಾವಿರ ಎಲೆ ಹಾಕಿಸಿ, ಎರಡು ಬಗೆ ಸಿಹಿ ಬಡಿಸಿ ಮಗಳ ಮದುವೆ ಮಾಡುತ್ತಾನೆ. ಅವನನ್ನು ಎಲ್ಲಿ ಕೂರಿಸುತ್ತೀರಿ?

ತ್ರಿಕೋನ: ಅಂಥವನು ಬಂದರೆ ನಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ. ನೆಲಮಹಡಿ ಖಾಲಿ, ನಾಲ್ಕನೆಯದಕ್ಕೆ ದೀಪಾಲಂಕಾರ! ಇನ್ನು ಫ್ಲ್ಯಾಟ್ ಕೊಂಡವರ ಕಥೆ ಕೇಳಿ. ಭದ್ರತೆಗೆಂದು ಮನೆ, ಮನೆಗೆಂದು ಇಪ್ಪತ್ತು ವರ್ಷದ ಕಂತು, ಕಂತಿನ ಚಿಂತೆಗೆ ನಿದ್ದೆ ಹಾಳು. ನಿದ್ದೆ ಇರುವುದು ನನ್ನ ಮೊದಲ ಅಂತಸ್ತಿನಲ್ಲಿ. ಅದನ್ನು ಒತ್ತೆಯಿಟ್ಟು ಎರಡನೆಯದನ್ನು ಕಟ್ಟಿದರೆ ನಾನೇನು ಮಾಡಲಿ?

ನಾವು: ಚಿಲಿಯ ಅರ್ಥಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಮ್ಯಾಕ್ಸ್-ನೀಫ್ ಒಂಬತ್ತು ಅಗತ್ಯ ಎಣಿಸಿದ್ದರಲ್ಲ?

ತ್ರಿಕೋನ: ಅವರ ಹೆಸರೆತ್ತಬೇಡಿ. ಜೀವ ಉಳಿಸಿಕೊಳ್ಳುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಅಗತ್ಯಗಳು ಎಲ್ಲ ಕಾಲಕ್ಕೂ ಅವೇ, ತೀರಿಸಿಕೊಳ್ಳುವ ದಾರಿ ಮಾತ್ರ ಬದಲಾಗುತ್ತದೆ ಅಂದರು. ಪಂಕ್ತಿಭೇದವೇ ಇಲ್ಲದಿದ್ದರೆ ಯಾರಿಗೆ ಯಾವ ಮೆಟ್ಟಿಲು ಮಾರುವುದು?

ನಾವು: ಕಂಪನಿಗಳಿಗೆ ನಿಮ್ಮ ಮೇಲೆ ಯಾಕಿಷ್ಟು ಅಕ್ಕರೆ?

ತ್ರಿಕೋನ: ಸಂಬಳ ಏರಿಸುವುದು ಕೆಳಗಿನ ಅಂತಸ್ತಿನ ಕೆಲಸ, ಖರ್ಚು ಜಾಸ್ತಿ. ‘ತಿಂಗಳ ಅತ್ಯುತ್ತಮ ನೌಕರ’ ಫೋಟೊ ನಾಲ್ಕನೆಯದರಲ್ಲಿ ಬರುತ್ತೆ. ಅದಕ್ಕೆ ಕಟ್ಟು ಹಾಕಿಸಿದರೆ ಮುಗಿಯಿತು.

ನಾವು: ಆ ನೌಕರನನ್ನೇ ಕೆಲಸದಿಂದ ತೆಗೆದರೆ?

ತ್ರಿಕೋನ: ಆಗ ಸ್ಲೈಡ್ ಬದಲಾಯಿಸುತ್ತಾರೆ.