ಪಾದುಕಾ ಪೆಡಲಾಭಿಷೇಕ

ಬೆಟ್ಟಗುಡ್ಡಗಳಲ್ಲಿ ಓಡಿಸುವ ಮೌಂಟೇನ್ ಬೈಕಿಗೆ ಎಂಥ ಶೂ ಕೊಳ್ಳಬೇಕು ಎಂಬ ಲೇಖನಕ್ಕೆ ತಜ್ಞರೊಬ್ಬರ ಮಾತು ಬೇಕೇ ಬೇಕು ಎಂದು ಸಂಪಾದಕರು ಅಪ್ಪಣೆ ಮಾಡಿದರು. ನಮಗೆ ಗೊತ್ತಿದ್ದ ತಜ್ಞರೆಲ್ಲ ಒಂದಲ್ಲ ಒಂದು ಅಂಗಡಿಯ ಪರವಾಗಿ ಮಾತಾಡುವವರು. ಹಾಗಾಗಿ ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ, ಚಪ್ಪಲಿ ಹೊಲಿಯುವವರ ಪೆಟ್ಟಿಗೆಯ ಪಕ್ಕದಲ್ಲಿ ರಿಪೇರಿಗೆ ಕಾದು ಕೂತಿದ್ದ ಹವಾಯಿ ಚಪ್ಪಲಿಯೊಂದನ್ನು ಮಾತಿಗೆಳೆದೆವು. ಎಡಗಾಲಿನದು. ನೀಲಿ ಬಾರು, ಒಂದು ಕಾಲದಲ್ಲಿ ಬಿಳಿಯಾಗಿದ್ದ ಅಟ್ಟೆ, ಹಿಮ್ಮಡಿಯ ಜಾಗದಲ್ಲಿ ನೆಲ ಕಾಣುವಷ್ಟು ಸವೆತ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿತು. ಕಂಪನಿಯ ಹೆಸರು ಹೇಗೂ ಅಳಿಸಿಹೋಗಿತ್ತು.

ನಾವು: ಸೈಕಲ್ ವಿಷಯದಲ್ಲಿ ತಮ್ಮ ಅನುಭವ?

ಚಪ್ಪಲಿ: ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ ಇರೋ ತಾಲ್ಲೂಕಿಗೆ ಬಂದು ಅನುಭವ ಇದೆಯಾ ಅಂತ ಕೇಳ್ತೀರಲ್ಲ ಸಾರ್! ಇರಲಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ಆಗ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಇಟ್ಟುಕೊಂಡಿದ್ದವರು ನಮ್ಮ ಕ್ಷೇತ್ರದ ಯಡಿಯೂರಪ್ಪನವರು. ಆಮೇಲೆ ಗಂಡುಹುಡುಗರಿಗೂ ಬಂತು. ಸೈಕಲ್ ಹಂಚಿದ ಫೋಟೊಗಳನ್ನು ನೀವೂ ಪೇಪರಿನಲ್ಲಿ ನೋಡಿರ್ತೀರಿ. ಹ್ಯಾಂಡಲ್ ಹಿಡಿದ ಶಾಸಕರು, ಸೀಟಿನ ಮೇಲೆ ಹುಡುಗಿ, ಹಿಂದೆ ಬ್ಯಾನರ್. ಪೆಡಲ್ ಮೇಲೆ ಯಾರಿದ್ದರು ಅಂತ ನೋಡಿದ್ದೀರಾ? ನಾನು. ಫೋಟೊದವನು ಮೊಣಕಾಲಿಗೇ ಕತ್ತರಿಸಿಬಿಟ್ಟ.

ನಾವು: ಅದು ಮಾಮೂಲಿ ಸೈಕಲ್. ನಾವು ಕೇಳುತ್ತಿರುವುದು ಮೌಂಟೇನ್ ಬೈಕ್ ವಿಚಾರ.

ಚಪ್ಪಲಿ: ಮೌಂಟೇನ್ ಅಂದ್ರೇನು ಸಾರ್? ಏರು, ಇಳಿಜಾರು, ಕಲ್ಲು, ಕೆಸರು, ಬೇರು ತಾನೆ? ಜುಲೈ ತಿಂಗಳಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆಯ ಒಳದಾರಿಗೆ ಬನ್ನಿ. ಬೆಂಗಳೂರಿನವರು ಕಾರಿನ ತಲೆ ಮೇಲೆ ಸೈಕಲ್ ಕಟ್ಟಿಕೊಂಡು ತುರಹಳ್ಳಿ, ಅವಲಹಳ್ಳಿ ಕಾಡಿನಲ್ಲಿ ಹುಡುಕಿಕೊಂಡು ಹೋಗೋ ದಾರಿ, ಸೊರಬದ ಹಳ್ಳಿ ಮಕ್ಕಳಿಗೆ ಹೈಸ್ಕೂಲಿಗೆ ಹೋಗೋ ದಾರಿ. ಅಲ್ಲಿ ಗುಂಡಿ ಸಿಕ್ಕರೆ ಖುಷಿಪಡ್ತಾರೆ, ಇಲ್ಲಿ ಪಂಚಾಯ್ತಿಗೆ ಅರ್ಜಿ ಬರೀತಾರೆ.

ನಾವು: ಫ್ಲಾಟ್ ಪೆಡಲ್ ಶೂ ಬಗ್ಗೆ ಕೇಳಿದ್ದೀರಾ?

ಚಪ್ಪಲಿ: ಕೇಳಿದ್ದೀನಿ. ಇದರಲ್ಲಿ ಎರಡು ಮತ ಇದೆ. ಒಂದು ಮತದವರು ಶೂ ಅಡಿಗೆ ಕಬ್ಬಿಣದ ಕೊಂಡಿ ಬಿಗಿದು ಅದನ್ನು ಪೆಡಲಿಗೆ ಕಚ್ಚಿಸ್ತಾರೆ. ಮೌಂಟೇನ್ ಬೈಕಿನವರಿಗೆ ಅಂತ ಶಿಮಾನೊ ಕಂಪನಿ 1990ರಲ್ಲಿ ತಂದ ಎಸ್‌ಪಿಡಿ ಆ ಜಾತಿಯದು. ಬೀಳೋ ಮುಂಚೆ ಹಿಮ್ಮಡಿ ಹೊರಕ್ಕೆ ತಿರುಗಿಸಿ ಬಿಡಿಸ್ಕೋಬೇಕು. ಮರೆತರೆ ಸೈಕಲ್ ಸಮೇತ ನೆಲಕ್ಕೆ. ಇನ್ನೊಂದು ಮತದವರದು ಅಗಲವಾದ ಚಪ್ಪಟೆ ಪೆಡಲ್, ಅದರ ಮೈಮೇಲೆ ಮೊಳೆಯಂಥ ಪಿನ್ನುಗಳು, ಆ ಪಿನ್ನು ಕಚ್ಚಿಕೊಳ್ಳೋ ಮೆತ್ತನೆ ರಬ್ಬರಿನ ಶೂ. ಬೇಕೆಂದಾಗ ಕಾಲು ಎತ್ತಿ ನೆಲಕ್ಕೆ ಊರಬಹುದು. ನಾನು ಈ ಎರಡನೇ ಮತದವನು. ಬಡವರ ಮತ ಅಂತ ತಾತ್ಸಾರ ಬೇಡ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018, 2019, ಮೂರೂ ವರ್ಷ ಎಂಡ್ಯೂರೊ ವರ್ಲ್ಡ್ ಸೀರೀಸ್ ಗೆದ್ದದ್ದು ಚಪ್ಪಟೆ ಪೆಡಲ್ ತುಳಿದೇ. ಅವರು ಹವಾಯಿ ಮೆಟ್ಟಿದ್ದರು ಅಂತ ನಾನೇನೂ ಹೇಳ್ತಿಲ್ಲ, ಹಾಗಂತ ಬರೀಬೇಡಿ.

ನಾವು: ಆ ಅಂಟುವ ರಬ್ಬರು ಎಲ್ಲಿಯದು?

ಚಪ್ಪಲಿ: ಬಂಡೆ ಹತ್ತೋರದ್ದು. ಚಾರ್ಲ್ಸ್ ಕೋಲ್ ಅನ್ನೋರು 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೈವ್ ಟೆನ್ ಅಂತ ಕಂಪನಿ ಕಟ್ಟಿ, ಬಂಡೆಗೆ ಹಲ್ಲಿಯ ಹಾಗೆ ಕಚ್ಚೋ ರಬ್ಬರಿನಲ್ಲಿ ಶೂ ಮಾಡಿದರು. ಬಂಡೆಗೆ ಕಚ್ಚೋದು ಪೆಡಲಿಗೂ ಕಚ್ಚುತ್ತೆ ಅಂತ ಸೈಕಲ್ಲಿನವರಿಗೆ ಹೊಳೀತು. 2011ರಲ್ಲಿ ಅಡಿಡಾಸ್ ಬಂದು ಇಡೀ ಕಂಪನಿಯನ್ನೇ ಕೊಂಡಿತು. ಅಂಟೋ ಗುಣ ಕಂಡ ಕಡೆ ದುಡ್ಡೂ ಬಂದು ಅಂಟಿಕೊಳ್ಳುತ್ತೆ.

ನಾವು: ಪಿನ್ನುಗಳ ಬಗ್ಗೆ ತಮ್ಮ ಅಭಿಪ್ರಾಯ?

ಚಪ್ಪಲಿ: ಅವರ ಪಿನ್ನು ಪೆಡಲಿಗೆ, ನನ್ನ ಪಿನ್ನು ನನಗೇ. ಉಂಗುಷ್ಟ ಕಿತ್ತು ಬಂದ ತಕ್ಷಣ ಅಮ್ಮನ ಬಳೆಯಲ್ಲಿ ನೇತಾಡ್ತಿದ್ದ ಸೇಫ್ಟಿ ಪಿನ್ ಬಿಚ್ಚಿ ಅಡಿಯಿಂದ ಅಡ್ಡಕ್ಕೆ ಸಿಕ್ಕಿಸ್ತಾರೆ. ಮುಂದಿನ ಸಂತೆವರೆಗೆ ಚಿಂತೆ ಇಲ್ಲ. ಅವರ ಪಿನ್ನಿಗೂ ನನ್ನ ಪಿನ್ನಿಗೂ ಇರೋ ಸಮಾನ ಧರ್ಮ ಒಂದೇ: ಎರಡೂ ಕೊನೆಗೆ ಚುಚ್ಚೋದು ಮನುಷ್ಯನ ಕಾಲಿಗೆ. ಚಪ್ಪಟೆ ಪೆಡಲಿನ ಸವಾರರ ಮೊಣಕಾಲ ಕೆಳಗೆ ನೋಡಿ, ಮುಂಗಾಲ ಮೂಳೆ ಮೇಲೆ ಸಾಲಾಗಿ ಗಾಯದ ಗುರುತು. ಹತ್ತು ಸಾವಿರದ ಆಸುಪಾಸು ಕೊಟ್ಟು ಶೂ ತಗೊಂಡಿದ್ದರೂ ಅಷ್ಟೇ.

ನಾವು: ಹತ್ತು ಸಾವಿರ! ಅದನ್ನು ಮೆಟ್ಟಿ ಕೆಸರಿಗೆ ಇಳಿಯಲು ಮನಸ್ಸು ಬರುತ್ತದೆಯೆ?

ಚಪ್ಪಲಿ: ಬಾರದು. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮಾಡಿದ ಚಮ್ಮಾವುಗೆಯನ್ನು ಬಸವಣ್ಣನವರು ಕಾಲಿಗೆ ಮೆಟ್ಟದೆ ತಲೆ ಮೇಲೆ ಹೊತ್ತರು ಅಂತ ಕತೆ ಇದೆಯಲ್ಲ, ಅಲ್ಲಿ ಭಕ್ತಿ ಇತ್ತು. ಇಲ್ಲಿ ಕಂತು. ಕ್ರೆಡಿಟ್ ಕಾರ್ಡಿನ ಕಂತು ತೀರೋವರೆಗೆ ಶೂ ಡಬ್ಬದಿಂದ ಹೊರಗೆ ಬರಲ್ಲ.

ನಾವು: ಆದರೂ ಕೊಳ್ಳುವವರು ಇದ್ದಾರೆ. ಅವರು ಏನು ನೋಡಿ ಕೊಳ್ಳಬೇಕು?

ಚಪ್ಪಲಿ: ಬಣ್ಣ ನೋಡೋ ಮುಂಚೆ ಬೋರಲು ಹಾಕಿ ಅಡಿ ನೋಡಿ. ಓಡೋರ ಶೂ ಬೇಡವೇ ಬೇಡ. ಅದರ ಹಿಮ್ಮಡಿ ಎತ್ತರ, ತುದಿ ಮೇಲಕ್ಕೆ ಬಾಗಿರುತ್ತೆ, ನಡುವೆ ಸ್ಪಂಜು. ನೀವು ತುಳಿದ ಬಲದಲ್ಲಿ ಒಂದು ಪಾಲು ಸ್ಪಂಜೇ ನುಂಗುತ್ತೆ. ಟ್ರೆಕ್ಕಿಂಗ್ ಬೂಟೂ ಬೇಡ. ದಪ್ಪ ಹಲ್ಲುಗಳ ಸಂದಿಗೆ ಪೆಡಲಿನ ಪಿನ್ನು ಹೊಕ್ಕರೆ ಕಾಲನ್ನು ಅಲ್ಲಿಂದ ಒಂದು ಬೆರಳಷ್ಟು ಅತ್ತಿತ್ತ ಸರಿಸೋಕೂ ಆಗಲ್ಲ. ಪೆಡಲ್ ಕೂರೋ ಜಾಗದಲ್ಲಿ ಅಡಿ ಸಮತಟ್ಟಾಗಿರಬೇಕು, ಮೇಲೆ ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಸಾಕು. ಹಲ್ಲು ಬೇಕಿದ್ದರೆ ತುದಿಯಲ್ಲೂ ಹಿಮ್ಮಡಿಯಲ್ಲೂ ಇರಲಿ, ಇಳಿದು ತಳ್ಳೋವಾಗ ನೆಲ ಹಿಡಿಯೋಕೆ. ತಳ್ಳೋದಂತೂ ಇದ್ದೇ ಇದೆ, ಎಷ್ಟು ಲಕ್ಷದ ಸೈಕಲ್ ಆದರೂ.

ಆಮೇಲೆ ಕೈಯಲ್ಲಿ ಮಡಚಿ ನೋಡಿ. ಅರ್ಧಕ್ಕೇ ಮಡಚಿಕೊಂಡರೆ ಪಾದ ಪೆಡಲಿನ ಅಂಚಿಗೆ ಬಾಗಿ, ಸ್ವಲ್ಪ ದೂರ ಹೋಗೋದರಲ್ಲಿ ಅಂಗಾಲು ಉರಿಯುತ್ತೆ. ಹಲಗೆ ಥರ ಬಿರುಸಾಗಿದ್ದರೆ ಕಾಲ ಕೆಳಗೆ ಪೆಡಲ್ ಇದೆಯೋ ಜಾರಿದೆಯೋ ಅನ್ನೋದೇ ಗೊತ್ತಾಗಲ್ಲ. ಬೆರಳಿನ ಕಡೆ ಒಂಚೂರು ಬಾಗಲಿ, ನಡುವೆ ಗಟ್ಟಿ ಇರಲಿ. ರಬ್ಬರು ಎಷ್ಟು ಮೆದು ಅಂತ ಅಳೆಯೋಕೆ ಶೋರ್ ಎ ಅಂತ ಮಾನ ಇದೆ, ಅಂಕಿ ಕಡಿಮೆ ಇದ್ದಷ್ಟೂ ಮೆದು. ಮೆದು ಇದ್ದಷ್ಟೂ ಹಿಡಿತ ಜಾಸ್ತಿ, ಸವೆಯೋದೂ ಬೇಗ. ಒಳ್ಳೆ ಹಿಡಿತವೂ ಬೇಕು, ಹತ್ತು ವರ್ಷ ಬಾಳಿಕೆಯೂ ಬೇಕು ಅನ್ನೋರು ಚೆನ್ನಾಗಿ ಸುಳ್ಳು ಹೇಳೋ ಅಂಗಡಿಯವನನ್ನು ಹುಡುಕಿಕೊಳ್ಳಲಿ.

ನಾವು: ಮಲೆನಾಡಿನ ಮಳೆಗೆ ವಾಟರ್‌ಪ್ರೂಫ್ ಶೂ ಒಳ್ಳೆಯದಲ್ಲವೆ?

ಚಪ್ಪಲಿ: ನೀರು ಅಡಿಯಿಂದ ಬರುತ್ತೆ ಅಂದುಕೊಂಡಿದ್ದೀರಾ? ಕಾಲುಚೀಲ ನೆನೆದು, ಕಣಕಾಲಿನ ಸಂದಿಯಿಂದ ಮೇಲಿನಿಂದಲೇ ಇಳಿಯುತ್ತೆ. ಬಂದ ನೀರು ಹೊರಗೆ ಹೋಗೋಕೆ ದಾರಿ ಇಲ್ಲ. ನಮ್ಮ ಅಂಜನಾಪುರ ಡ್ಯಾಮಿಗಾದರೂ ಕೋಡಿ ಇದೆ ಸಾರ್! ಗಾಳಿಯಾಡೋ, ಬೇಗ ಒಣಗೋ ಬಟ್ಟೆಯದು ತಗೊಳ್ಳಿ. ರಾತ್ರಿ ಹಳೇ ಪೇಪರ್ ತುರುಕಿ ಇಡಿ, ನಿಮ್ಮ ಪತ್ರಿಕೆಯೂ ಆಗುತ್ತೆ. ಬಲಗಾಲಿನ ಲೇಸು ಒಳಗೆ ಸಿಕ್ಕಿಸಿ, ಚೈನಿಗೆ ಸಿಕ್ಕಿಕೊಂಡರೆ ಹಲ್ಲು ಹೋಗುತ್ತೆ. ಸೈಕಲ್ಲಿನ ಹಲ್ಲಲ್ಲ, ನಿಮ್ಮದು.

ನಾವು: ಇಷ್ಟೆಲ್ಲ ಹೇಳುವ ತಾವು ಸ್ವತಃ ಈ ಪರೀಕ್ಷೆಯಲ್ಲಿ ಪಾಸಾಗುತ್ತೀರಾ?

ಚಪ್ಪಲಿ: ಇಲ್ಲ. ಅಡಿ ಸಮತಟ್ಟು, ರಬ್ಬರು ಮೆದು, ಒಣಗೋಕೆ ಎರಡು ನಿಮಿಷ, ಅಷ್ಟಕ್ಕೆ ಪಾಸು. ಆದರೆ ಹಿಮ್ಮಡಿ ಹಿಡಿಯೋಕೆ ನನಗೆ ಏನೂ ಇಲ್ಲ. ಮಳೆ ಬಂದರೆ ನಾನು ಪೆಡಲ್ ಮೇಲೆ ಕೂತಿರ್ತೀನಿ, ಪಾದ ಮಾತ್ರ ನನ್ನ ಮೇಲಿಂದ ಜಾರಿ ಮುಂದಕ್ಕೆ ಹೋಗಿರುತ್ತೆ. ಆಮೇಲೆ ಕಲ್ಲಿಗೆ ಎಡವಿದ ಹೆಬ್ಬೆರಳಿನ ಉಗುರನ್ನು ನೋಡೋ ಕೆಲಸ ನನ್ನದು. ಕೆಸರಿನಲ್ಲಿ ನಡೆದರೆ ಯೂನಿಫಾರ್ಮಿನ ಬೆನ್ನವರೆಗೂ ಚುಕ್ಕಿ ಹೊಡೀತೀನಿ, ಅದನ್ನು ತೊಳೆಯೋ ಅಮ್ಮನ ಬೈಗುಳ ಬೇರೆ. ಆದರೂ ಒಂದು ಮಾತು ಸಾರ್. ಬ್ರೇಕಿನ ರಬ್ಬರು ಸವೆದ ಸೈಕಲ್ ಇಳಿಜಾರಿನಲ್ಲಿ ನುಗ್ಗಿದಾಗ ಟೈರಿಗೆ ಒತ್ತಿ ನಿಲ್ಲಿಸಿದ್ದು ನಾನೇ. ಹಿಮ್ಮಡಿಯ ಈ ಸವೆತ ನಡೆದು ಆದದ್ದಲ್ಲ. ಪೂರಾ ಹರಿದ ಮೇಲೆ ಮಕ್ಕಳು ನನ್ನನ್ನು ದುಂಡಗೆ ಕತ್ತರಿಸಿ ಆಟದ ಗಾಡಿಗೆ ಚಕ್ರ ಮಾಡ್ತಾರೆ. ಸಾಯೋವಾಗಲೂ ಎರಡು ಚಕ್ರದ ಸಹವಾಸ ಬಿಡಲ್ಲ ನಾನು. ನಿಮ್ಮ ದುಬಾರಿ ಶೂಗೆ ಅಂಥ ಪಿಂಚಣಿ ಇದೆಯಾ?

ನಾವು: ಈಗ ಸರ್ಕಾರವೇ ಶೂ ಕೊಡುತ್ತಿದೆಯಲ್ಲ. ನಿಮ್ಮ ಕಾಲ ಮುಗಿಯಿತು ಎನ್ನಬಹುದೆ?

ಚಪ್ಪಲಿ: ಹೋಗಿ ಕಡತ ನೋಡಿ. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕಾಲದಲ್ಲಿ ಶೂಭಾಗ್ಯ ಬಂತು. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. 2022ರ ಲೆಕ್ಕದಲ್ಲಿ ಐದನೇ ಕ್ಲಾಸಿನವರೆಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು-ಹತ್ತಕ್ಕೆ 325. ಶಾಲೆಯ ಎಸ್‌ಡಿಎಂಸಿ ಸಮಿತಿಯವರೇ ಕೊಳ್ಳಬೇಕು. ಆ ದುಡ್ಡಿಗೆ ಸಿಗೋ ಗಟ್ಟಿ ಪಿವಿಸಿ ಅಡಿ ಪ್ರಾರ್ಥನೆಗೆ ಸಾಲಾಗಿ ನಿಲ್ಲೋಕೆ ಚೆಂದ. ಒದ್ದೆ ಪೆಡಲ್ ಮೇಲೆ ಇಡಿ, ನೋಡೋಣ. ಸೈಕಲ್ ಕೊಡೋ ಕಡತದಲ್ಲಿ ಕಾಲು ಇರಲಿಲ್ಲ, ಶೂ ಕೊಡೋ ಕಡತದಲ್ಲಿ ಸೈಕಲ್ ಇರಲಿಲ್ಲ. ನಡುವೆ ಕೆಲವು ವರ್ಷ ಎರಡೂ ಯೋಜನೆ ಒಟ್ಟಿಗೇ ನಡೆದವು, ಒಂದೇ ಮಗುವಿನ ಮೈಮೇಲೇ ಭೇಟಿಯಾದವು, ಆದರೂ ಒಂದನ್ನೊಂದು ಮಾತಾಡಿಸಲಿಲ್ಲ. ಕೊರೊನಾ ಬಂದಾಗ ಸೈಕಲ್ ನಿಂತಿತು. ಅಲ್ಲಿಗೆ ಸಮಸ್ಯೆಯೂ ಬಗೆಹರೀತು ಅಂತ ಕಡತದವರು ಅಂದುಕೊಂಡಿರಬೇಕು.

ನಾವು: ಶಿಕಾರಿಪುರದವರು ಸೈಕಲ್ ಕೊಟ್ಟರು ಎಂದಿರಿ. ಸೊರಬದವರ ಪಾಲು?

ಚಪ್ಪಲಿ: ಸೊರಬದಿಂದ ಗೆದ್ದ ಮಧು ಬಂಗಾರಪ್ಪನವರು 2023ರಲ್ಲಿ ಶಾಲಾ ಶಿಕ್ಷಣ ಸಚಿವರಾದರು. ಅಂದರೆ ಶೂ ಕಡತ ಅವರ ಮೇಜಿಗೆ ಬಂತು. ಅವರ ತಂದೆಯವರೂ ಮುಖ್ಯಮಂತ್ರಿಯಾಗಿದ್ದರು, ನಮ್ಮ ಯಡಿಯೂರಪ್ಪನವರೂ ಆದರು. ಪಕ್ಕಪಕ್ಕದ ಎರಡು ತಾಲ್ಲೂಕು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಮಳೆಯಲ್ಲಿ ಜಾರದ ಒಂದು ಜೊತೆ ಅಟ್ಟೆ ಕೊಡೋದು ಅದಕ್ಕಿಂತ ಕಷ್ಟವಾ?

(ಅಷ್ಟರಲ್ಲಿ ಚಪ್ಪಲಿ ಹೊಲಿಯುವವರು ಹೊಸ ಬಾರಿನ ಗಂಟನ್ನು ಎಣ್ಣೆ ಸವರಿ ತೂತಿನೊಳಗೆ ಎಳೆಯತೊಡಗಿದ್ದರಿಂದ ಸಂದರ್ಶನಕ್ಕೆ ತುಸು ಅಡಚಣೆಯಾಯಿತು. ತಜ್ಞರು ನೋವು ತೋರಿಸಿಕೊಳ್ಳಲಿಲ್ಲ.)

ನಾವು: ಕೊನೆಯದಾಗಿ, ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಚಪ್ಪಲಿ: ಶೋಕಿಗೆ ಬೆಟ್ಟ ಹತ್ತೋರು ಅಂಗಡಿಗೆ ಸಂಜೆ ಹೊತ್ತು ಹೋಗಲಿ, ಹಗಲೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ, ಅಳತೆ ಸರಿಯಾಗಿ ಸಿಗುತ್ತೆ. ಸೈಕಲ್ಲಿಗೆ ಹಾಕಿಕೊಳ್ಳೋ ಸಾಕ್ಸನ್ನೇ ಹಾಕಿಕೊಂಡು ಹೋಗಲಿ. ಸಾಧ್ಯವಾದರೆ ಒಂದು ಪೆಡಲ್ ಬಿಚ್ಚಿಕೊಂಡು ಹೋಗಿ ಅದರ ಮೇಲೆ ನಿಂತು ನೋಡಲಿ, ಅಂಗಡಿಯವನು ನಕ್ಕರೆ ನಗಲಿ. ದುಡ್ಡಿಲ್ಲದಿದ್ದರೆ ಸ್ಕೇಟ್‌ಬೋರ್ಡಿನವರ ಚಪ್ಪಟೆ ಅಡಿಯ ಶೂ ಸಾಕು, ಅದಕ್ಕೂ ಇಲ್ಲದಿದ್ದರೆ ಸಮ ಅಡಿಯ ಕ್ಯಾನ್ವಾಸ್ ಆದೀತು. ನನ್ನನ್ನು ಹಾಕಿಕೊಂಡು ಮಾತ್ರ ಇಳಿಜಾರಿಗೆ ಹೋಗಬೇಡಿ, ಅಷ್ಟು ಪ್ರಾಮಾಣಿಕತೆ ನನಗಿದೆ.

ಇನ್ನು ಸರ್ಕಾರಕ್ಕೆ ಒಂದು ಅರಿಕೆ, ತಪ್ಪದೆ ಹಾಕಿ. ಸೈಕಲ್ ಯೋಜನೆ ಮತ್ತೆ ಶುರು ಮಾಡೋದಾದರೆ, ಟೆಂಡರ್ ಕರೆಯೋ ಮುಂಚೆ ಮಕ್ಕಳಿಗೆ ಕೊಡೋ ಶೂ ಒಂದು ಜೊತೆ ತರಿಸಿ. ಆನವಟ್ಟಿಯದೋ ಶಿರಾಳಕೊಪ್ಪದ್ದೋ ಒಂದು ಶಾಲೆಯ ಅಂಗಳದಲ್ಲಿ, ಮಳೆ ಬರೋ ದಿನ, ಆ ಶೂ ಹಾಕಿದ ಮಗುವಿನ ಕಾಲನ್ನು ಆ ಸೈಕಲ್ಲಿನ ಪೆಡಲ್ ಮೇಲೆ ಇಡಿಸಿ ನೋಡಿ. ಜಾರಿದರೆ ಎರಡೂ ಕಡತ ವಾಪಸ್ ಕಳಿಸಿ.