ಒಟ್ಟಿನಲ್ಲಿ ಹಸುವಿಗೆ ನಾಲ್ಕು ಕಾಲುಗಳಿವೆ

ಎರಡು ದಿನದ ತರಬೇತಿ ಮುಗಿಸಿ ಬಂದೆ. ವಿಷಯ: 'ವಿದ್ಯಾರ್ಥಿಗಳ ಬರವಣಿಗೆಯಲ್ಲಿ ವಾಕ್ಯಾರಂಭದ ವೈವಿಧ್ಯ'. ನಮ್ಮ ಮಕ್ಕಳು ಎಲ್ಲ ವಾಕ್ಯವನ್ನೂ ಒಂದೇ ಥರ ಶುರು ಮಾಡುತ್ತಾರಂತೆ. ಇದು ಬಹಳ ಗಂಭೀರ ಸಮಸ್ಯೆ ಎಂದು ಸಂಪನ್ಮೂಲ ವ್ಯಕ್ತಿಗಳು ಹೇಳಿದರು. 'ಸೋ' ಎಂದು ಶುರು ಮಾಡಿ ಹೇಳಿದರು. ಊಟದ ಹೊತ್ತಿಗೆ ಹಿಂದಿನ ಬೆಂಚಿನ ನಾವು ನಾಲ್ವರು ಲೆಕ್ಕ ಹಾಕಿದರೆ ಅವರ 'ಸೋ'ಗಳು ಎಂಬತ್ತು ದಾಟಿದ್ದವು. ಉದ್ಘಾಟಕರು ಮಾತ್ರ ಬೇರೆ ಮತದವರು, 'ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ' ಸಂಪ್ರದಾಯ. ನಿರೂಪಕಿಯದು 'ಈಗ' ಪಂಥ. ಈಗ ಪ್ರಾರ್ಥನೆ, ಈಗ ಸ್ವಾಗತ, ಈಗ ಹಾರ. ವಂದನಾರ್ಪಣೆಗೆ ಬಂದವರು ಎಲ್ಲರನ್ನೂ 'ಹಾಗೆಯೇ' ನೆನೆದರು. ಹಾಗೆಯೇ ಶಾಮಿಯಾನದವರನ್ನೂ.

ಹೊರಡುವಾಗ ಒಂದು ಹಾಳೆ ಕೊಟ್ಟರು. ಅದರಲ್ಲಿ ಇಪ್ಪತ್ತು ಪದ: ಅಲ್ಲದೆ, ಆದಾಗ್ಯೂ, ತತ್ಪರಿಣಾಮವಾಗಿ, ಒಟ್ಟಿನಲ್ಲಿ, ಇತ್ಯಾದಿ. ಇವನ್ನು ವಾಕ್ಯದ ತಲೆಗೆ ಕಟ್ಟಿದರೆ ವೈವಿಧ್ಯ ತಾನಾಗಿ ಬರುತ್ತದಂತೆ. ಹಾಳೆ ಯಾವುದೋ ಇಂಗ್ಲಿಷ್ ಪುಸ್ತಕದಿಂದ ಇಳಿದದ್ದೆಂದು ಊಹಿಸಲು ಪತ್ತೇದಾರ ಬೇಕಿರಲಿಲ್ಲ. ಪ್ರತಿ ಪದದ ಹಿಂದೆಯೂ ಒಂದು ಅಲ್ಪವಿರಾಮ ಸೂತಕದ ಮನೆಯ ನೆಂಟನ ಹಾಗೆ ನಿಂತಿತ್ತು.

ಮರುದಿನವೇ ಒಂಬತ್ತನೇ ತರಗತಿಯಲ್ಲಿ ಪ್ರಯೋಗ. ಹಸುವಿನ ಮೇಲೆ ಬರೆಯಿರಿ, ಎರಡು ವಾಕ್ಯ ಒಂದೇ ಪದದಿಂದ ಶುರುವಾಗಕೂಡದು ಎಂದೆ. ಹಾಳೆಯನ್ನು ಬೋರ್ಡಿನ ಮೇಲೆ ಬರೆದೆ. ಕೊನೆಯ ಸಾಲಿನ ಹುಡುಗನೊಬ್ಬ ತಂದ ನೋಟ್‌ಬುಕ್ಕಿನಲ್ಲಿ ಹೀಗಿತ್ತು:

'ಹಸು ಒಂದು ಸಾಕುಪ್ರಾಣಿ. ಅಲ್ಲದೆ, ಹಸುವಿಗೆ ಎರಡು ಕೊಂಬುಗಳಿವೆ. ಆದಾಗ್ಯೂ, ಹಸು ಹುಲ್ಲು ತಿನ್ನುತ್ತದೆ. ತತ್ಪರಿಣಾಮವಾಗಿ, ಹಸುವಿಗೆ ಬಾಲವಿದೆ. ಒಟ್ಟಿನಲ್ಲಿ, ಹಸುವಿಗೆ ನಾಲ್ಕು ಕಾಲುಗಳಿವೆ.'

"ಹುಲ್ಲು ತಿಂದ ಪರಿಣಾಮವಾಗಿ ಬಾಲ ಬಂತೇನೋ?" ಎಂದೆ.

"ಬೋರ್ಡಲ್ಲಿ ಆದಾಗ್ಯೂ ಆದ್ಮೇಲೆ ಅದೇ ಇತ್ತಲ್ಲ ಸಾ."

ನಿಯಮದ ಪ್ರಕಾರ ತಪ್ಪಿಲ್ಲ. ಪೂರ್ತಿ ಅಂಕ ಕೊಟ್ಟೆ.

ಅವನನ್ನು ಬೈಯಲು ಬಾಯಿ ಬರಲಿಲ್ಲ, ಯಾಕೆಂದರೆ ಅವನಿಗೆ ರಜಾ ಅರ್ಜಿ ಕಲಿಸಿದವನು ನಾನೇ. ನೂರಮೂರು ಡಿಗ್ರಿ ಜ್ವರದಲ್ಲಿ ಮಗು ನಡುಗುತ್ತಿದ್ದರೂ 'ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಎಂಬ ಹೊಸ್ತಿಲು ದಾಟದೆ ಜ್ವರ ಒಳಗೆ ಬರುವಂತಿಲ್ಲ. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಕಂಬ ನೆಟ್ಟವರೂ ನಾವೇ. ಗ್ರಂಥಾಲಯದ ಮೇಲೆ ಬರೆದರೆ 'ದೇಶ ಸುತ್ತು ಕೋಶ ಓದು'. ಪರಿಸರ, ಮೊಬೈಲು, ನಿರುದ್ಯೋಗ ಯಾವುದಾದರೂ ಸರಿ, 'ಇಂದಿನ ಆಧುನಿಕ ಯುಗದಲ್ಲಿ'. ಮೌಲ್ಯಮಾಪನಕ್ಕೆ ಕೂತಾಗ ಈ ಸಾಲು ಕಂಡರೆ ನನಗೆ ತವರಿನವರು ಸಿಕ್ಕಷ್ಟು ಸಮಾಧಾನ. ಮುಂದಿನದನ್ನು ಓದಬೇಕಾಗಿಲ್ಲ, ಅಂಕ ತಾನಾಗಿ ಬೀಳುತ್ತದೆ. ಒಮ್ಮೆ ಯಾವುದೋ ಊರಿನ ಮಗು 'ನಮ್ಮೂರ ಲೈಬ್ರರಿಯ ಬೀಗ ತೆಗೆದದ್ದನ್ನು ನಾನು ಇದುವರೆಗೂ ನೋಡಿಲ್ಲ' ಎಂದು ಶುರು ಮಾಡಿತ್ತು. ಎದ್ದು ಕೂತು ಓದಿದೆ, ಪಕ್ಕದವರಿಗೂ ಓದಿ ಹೇಳಿದೆ. ಆಮೇಲೆ ಪೀಠಿಕೆ ಇಲ್ಲವೆಂದು ಒಂದು ಅಂಕ ಕಳೆದೆ.

ಸಿದ್ಧ ಪೀಠಿಕೆಗೆ ಗೈಡುಗಳನ್ನೇ ದೂರಬೇಡಿ. ನಮ್ಮ ನಾಡಿನ ಶಾಸನಗಳನ್ನು ತೆಗೆದು ನೋಡಿ. ಏಳನೇ ಶತಮಾನದ ಬಾಣ ತನ್ನ ಹರ್ಷಚರಿತಕ್ಕೆ ಬರೆದ ಶಿವಸ್ತುತಿಯನ್ನೇ ನೂರಾರು ಕಲ್ಲುಗಳ ನೆತ್ತಿಗೆ ಕೆತ್ತಿದ್ದಾರೆ. ಕೆರೆ ಕಟ್ಟಿಸಿದರೂ ಅದೇ, ಗದ್ದೆ ದಾನ ಕೊಟ್ಟರೂ ಅದೇ. ನಮ್ಮ ಹುಡುಗರು ಕಾಪಿಯನ್ನು ಕಾಗದದ ಮೇಲೆ ಹೊಡೆಯುತ್ತಾರೆ, ಹಿರಿಯರು ಉಳಿ ಹಿಡಿದು ಹೊಡೆದಿದ್ದರು.

ತರಬೇತಿಯ ಆ ಹಾಳೆ ನೋಡಿ ನಗು ಬರುವುದು ಇನ್ನೊಂದು ಕಾರಣಕ್ಕೆ. ಇಂಗ್ಲಿಷಿನಲ್ಲಿ ಪದಗಳಿಗೆ ಕೂರುವ ಜಾಗ ಹೆಚ್ಚುಕಡಿಮೆ ನಿಗದಿ. ಹುಲಿ ಹಸುವನ್ನು ತಿಂದಿತು ಎನ್ನುವಲ್ಲಿ ಎರಡೂ ಪ್ರಾಣಿಗಳನ್ನು ಅದಲು ಬದಲು ಕೂರಿಸಿದರೆ ಹಸುವೇ ಹುಲಿಯನ್ನು ತಿಂದುಬಿಡುತ್ತದೆ. ಅಲ್ಲಿಯ ಮೇಷ್ಟ್ರು ವಾಕ್ಯಾರಂಭಕ್ಕೆ ಅಭ್ಯಾಸ ಮಾಡಿಸುವುದರಲ್ಲಿ ಅರ್ಥವಿದೆ. ಕನ್ನಡದಲ್ಲಿ? ಪುಣ್ಯಕೋಟಿಯ ಕ್ಷಮೆ ಕೇಳಿ ಹೇಳುತ್ತೇನೆ: ಹಸುವನ್ನು ಹುಲಿ ತಿಂದಿತು, ತಿಂದಿತು ಹುಲಿ ಹಸುವನ್ನು, ಹುಲಿ ತಿಂದಿತು ಹಸುವನ್ನು. ಮೂರು ಪದವನ್ನು ಆರು ಬಗೆಯಲ್ಲಿ ಕೂರಿಸಿ, ಆರು ಸಲವೂ ಸಾಯುವುದು ಹಸುವೇ. ಆ ಒಂದು 'ಅನ್ನು' ಅದರ ಬೆನ್ನು ಬಿಡುವುದಿಲ್ಲ.

ಈ 'ಅನ್ನು' ನಮಗೆ ಹೊಸತಲ್ಲ. ಹದಿಮೂರನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲೇ ವಿಭಕ್ತಿಗಳ ವಿಚಾರ ಬಂದಿದೆ. ನಾವೂ ದಿನಾ ಕೂಗಿಸುತ್ತೇವೆ: ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ. ಯಾರ ಬಾಯಲ್ಲೂ ಬಾರದ ಪಂಚಮಿಯ 'ದೆಸೆಯಿಂದ' ಕೂಡ ಮಕ್ಕಳಿಗೆ ಬಾಯಿಪಾಠ. ಈ ಪ್ರತ್ಯಯ ಇರುವುದರಿಂದಲೇ ಪದವನ್ನು ಎಲ್ಲಿ ಬೇಕಾದರೂ ಕೂರಿಸಬಹುದು ಎಂಬುದನ್ನು ಮಾತ್ರ ಯಾವ ತರಗತಿಯಲ್ಲೂ ಹೇಳಿದ ನೆನಪಿಲ್ಲ. ಅದಕ್ಕೆ ಅಂಕವಿಲ್ಲ ನೋಡಿ. 'ನಾನು ಎದ್ದೆನು. ನಾನು ಹಲ್ಲುಜ್ಜಿದೆನು. ನಾನು ಶಾಲೆಗೆ ಹೋದೆನು' ಎಂದು ಬರೆದ ಹುಡುಗಿಗೆ 'ನಾನು ಜಾಸ್ತಿಯಾಯಿತು' ಎಂದು ಷರಾ ಬರೆಯುತ್ತೇವೆ. ಹೋದೆನು ಎಂಬುದರ ಬಾಲದಲ್ಲೇ 'ನಾನು' ಕೂತಿದೆಯಮ್ಮಾ, ಮುಂದೆ ಇನ್ನೊಂದು ಬೇಡ ಎಂದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಒಂದು ನಿಮಿಷದ ವಿಷಯಕ್ಕೆ ಎರಡು ದಿನದ ಭತ್ಯೆ ಯಾರು ಕೊಡುತ್ತಾರೆ?

ಮುಂದಿನ ವಾರ ಅದೇ ಹುಡುಗ ಎರಡನೇ ಪಿರಿಯಡ್ಡಿಗೆ ಬಂದ. ಕಾಲೆಲ್ಲ ಕೆಸರು.

"ಯಾಕೋ ಲೇಟು?"

"ಹಗ್ಗ ಕಿತ್ಕಂಡು ಓಡೋಗಿತ್ತು ಸಾ ಹಸ. ರಾತ್ರಿಯೆಲ್ಲಾ ಹುಡುಕುದೊ. ಬ್ಯಾಟ್ರಿ ಬೇರೆ ಕೆಟ್ಟೋಗಿತ್ತು, ಅಪ್ಪನ ಮೊಬೈಲ್ ಬೆಳಕಲ್ಲೇ ಹೋದೊ. ಸಿಕ್ಕಿದ್ದು ಎಲ್ಲಿ ಅಂತೀರಾ, ಚೇರ್ಮನ್ರ ರಾಗಿ ಹೊಲ್ದಲ್ಲಿ! ತಿಂದಿದ್ದು ಎರಡು ಸಾಲು ಸಾ, ಬೈಸ್ಕಂಡಿದ್ದು ಒಂದು ಗಂಟೆ."

ಐದು ವಾಕ್ಯ. ಒಂದೂ ಹಸುವಿನಿಂದ ಶುರುವಾಗಲಿಲ್ಲ, ಒಂದರ ತಲೆಗೂ ತತ್ಪರಿಣಾಮ ಕಟ್ಟಿರಲಿಲ್ಲ. ಇದನ್ನೇ ಬರಿ ಅಂದೆ. ಅನುಮಾನದಿಂದ ನನ್ನ ಮುಖ ನೋಡಿದ. "ಪೀಠಿಕೆ ಏನು ಹಾಕ್ಲಿ ಸಾ?"

ಆ ಸಂಜೆ ತರಬೇತಿಯ ಅನುಷ್ಠಾನ ವರದಿ ಕಳಿಸಬೇಕಿತ್ತು. ಹುರುಪಿನಲ್ಲಿದ್ದೆ. 'ಓಡಿಹೋಗಿತ್ತು ಹಸು' ಎಂದೇ ಶುರು ಮಾಡಿ ನಡೆದದ್ದನ್ನೆಲ್ಲ ಒಂದು ಪುಟ ಬರೆದು ಕಳಿಸಿದೆ. ನಾಲ್ಕನೇ ದಿನ ವಾಪಸು ಬಂತು. ಮೇಲುಗಡೆ ಹಸಿರು ಶಾಯಿಯಲ್ಲಿ ಒಂದೇ ಸಾಲು: 'ನಿಗದಿತ ನಮೂನೆಯಲ್ಲಿ ಇರುವುದಿಲ್ಲ. ಮರುಸಲ್ಲಿಸುವುದು.'

ಸ್ಟಾಫ್ ರೂಮಿನಲ್ಲಿ ಕೂತು 'ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬರೆಯುತ್ತಿದ್ದಾಗ ಹುಡುಗ ನೋಟ್‌ಬುಕ್ಕು ಇಡಲು ಬಂದ. ಹಳೆಯ ಹಾಳೆಯನ್ನೂ ಹಸಿರು ಶಾಯಿಯನ್ನೂ ಕತ್ತು ಚಾಚಿ ನೋಡಿದ.

"ನಿಮ್ಗೂ ಪೀಠಿಕೆ ಇಲ್ಲ ಅಂದ್ರಾ ಸಾ?"