ಬಾಸ್ಟನ್ನಿನ ಹೂನೆಟ್ ಜೊತೆ ಕಲ್ಲುಗುಂಡಿಯ ಮಾತುಕತೆ

ನವೆಂಬರ್ 18ರಿಂದ 24ರ ಆಂಟಿಬಯೋಟಿಕ್ ಜಾಗೃತಿ ಸಪ್ತಾಹ ಮುಗಿಯಿತು. ಬ್ಯಾನರು ಇನ್ನು ಯಾರದೋ ಸೌದೆ ಕೊಟ್ಟಿಗೆಗೆ ಟಾರ್ಪಾಲು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಲೆಕ್ಕ ಇಡುವ ವಿಶ್ವ ಆರೋಗ್ಯ ಸಂಸ್ಥೆಯ ‘ಹೂನೆಟ್’ ತಂತ್ರಾಂಶವನ್ನೇ ಮಾತಾಡಿಸಿದೆ.

ಊರು ಯಾವುದಾಯ್ತು?

ಅಮೆರಿಕದ ಬಾಸ್ಟನ್. 1989ರಿಂದ ದುಡಿಮೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ (ಎನ್‌ಸಿಡಿಸಿ) ಜಾಲಕ್ಕೂ ನಾನೇ ಬೇಕು. ಧರ್ಮಕ್ಕೆ ಸಿಗ್ತೇನಲ್ಲ, ಮರ್ಯಾದೆ ಕಮ್ಮಿ.

ನಮ್ಮ ಸಂಪಾಜೆ, ಕಲ್ಲುಗುಂಡಿ ತೋಟಗಳ ಹಳದಿ ಎಲೆ ರೋಗ ನಿಮ್ಮ ಲೆಕ್ಕದಲ್ಲಿ ಉಂಟಾ?

ಅದು ಅಡಿಕೆಯದ್ದಲ್ವಾ ಮಾರಾಯ್ರೆ! ನನ್ನದು ಲ್ಯಾಬಿನ ಪ್ಲೇಟು. ಬ್ಯಾಕ್ಟೀರಿಯಾ ಹರಡಿ ಮೇಲೆ ಮದ್ದಿನ ಬಿಲ್ಲೆ ಇಡ್ತಾರೆ. ಮರುದಿನ ಬಿಲ್ಲೆಯ ಸುತ್ತ ಖಾಲಿ ವೃತ್ತ ಬಿದ್ದರೆ ಮದ್ದು ತಾಗಿತು. ಅದರ ಅಗಲವೇ ನನ್ನ ಆಹಾರ. ಬಿಲ್ಲೆಯೇ 6 ಮಿ.ಮೀ. ‘6’ ಅಂತ ಬರೆದರೆ ವೃತ್ತವೇ ಇಲ್ಲ, ಮದ್ದು ಬರೀ ನೀರು. ಒಂದೇ ವಾರ್ಡಿನಿಂದ ಅಂಥ ಆರುಗಳು ಸಾಲಾಗಿ ಬಂದರೆ ಬೊಬ್ಬೆ ಹಾಕ್ತೇನೆ. ಆದರೆ ವಾರ್ಡಿನ ಹೆಸರು! ಒಬ್ಬರು ‘ಐಸಿಯು’ ಅಂತಾರೆ, ಇನ್ನೊಬ್ಬರು ‘ಐ.ಸಿ.ಯು.’, ಮತ್ತೊಬ್ಬರು ‘ಎರಡನೇ ಮಾಳಿಗೆ’. ಒಂದೇ ಕೋಣೆ ನನಗೆ ಮೂರಾಗ್ತದೆ.

ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದು? 2014ರಿಂದ ವೈದ್ಯರ ಚೀಟಿ ಕಡ್ಡಾಯ ಮಾಡುವ ಎಚ್‌1 ಪಟ್ಟಿ ಜಾರಿಯಲ್ಲುಂಟಲ್ಲ?

ಹೌದಾ? ಮತ್ತೆ ಆ ವಯಸ್ಸಿನ ಕಾಲಂ, ಅದನ್ನು ಖಾಲಿಯೇ ಬಿಡ್ತಾರೆ!

ಹಳದಿ ಎಲೆಯದ್ದೂ ಹಾಗೇ. ಸರ್ವೆಯವರು ಬರ್ತಾರೆ, ಸೋಗೆ ನೋಡ್ತಾರೆ, ಚಾ ಕುಡಿದು ಹೋಗ್ತಾರೆ. ಫೈಟೊಪ್ಲಾಸ್ಮಾ ಅಂತ ಹೆಸರು ಕೊಟ್ಟರು, ಮದ್ದು ಕೊಡಲಿಲ್ಲ.

ನಿಮ್ಮಲ್ಲಿಗೆ ಬರುವುದಾದರೂ ಬರ್ತಾರೆ. ನನಗೆ ಮಾರ್ಚಿನ ಲೆಕ್ಕ ಜೂನಿನಲ್ಲಿ. ನಾನು ಬೊಬ್ಬೆ ಹಾಕುವಾಗ ರೋಗಿ ಮನೆಗೆ ಹೋಗಿ ಗಂಜಿ ಉಣ್ಣುತ್ತಿರ್ತಾರೆ...

ಇಲ್ಲ, ಸುಳ್ಳು ಹೇಳಿದೆ. ಎಲ್ಲರೂ ಮನೆಗೆ ಹೋಗುವುದಿಲ್ಲ. ಹುಟ್ಟಿ ನಾಲ್ಕು ದಿನದ ಕೂಸು, ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ, ಮೆರೊಪೆನಮ್ ಮದ್ದಿನ ಎದುರು 6. ಅದೇ ವಾರ್ಡಿನಲ್ಲಿ ಅದೇ ಸಂಖ್ಯೆ ಎರಡು ವಾರ ಮೊದಲೇ ಸಿಕ್ಕಿತ್ತು. ರಿಜಿಸ್ಟರಿನಲ್ಲಿತ್ತು, ನನ್ನೊಳಗೆ ಇರಲಿಲ್ಲ. ಇದ್ದಿದ್ದರೆ ಆಗಲೇ ಹೇಳ್ತಿದ್ದೆ: ಆ ಮಂಚ ಬೇರೆ ಮಾಡಿ, ಕೈ ತೊಳೆಯದೆ ಮುಟ್ಟಬೇಡಿ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ 2019ರಲ್ಲಿ ಜಗತ್ತಿನಲ್ಲಿ ಸತ್ತವರು ಅಂದಾಜು 12.7 ಲಕ್ಷ. ಈ ಕೂಸಿನ ವಯಸ್ಸಿನ ಕಾಲಮಿನಲ್ಲಿ ಏನು ಬರೆದಿದ್ದರು ಗೊತ್ತುಂಟಾ? ಏನೂ ಇಲ್ಲ.

(ಅಡಿಕೆಯ ಮುಂದಿನ ಪ್ರಶ್ನೆ ನಾನು ಕೇಳಲಿಲ್ಲ.)

ಏನು ಬರೆಯಲಿ?

ಬರೆಯಿರಿ: ಲ್ಯಾಬಿಗೊಬ್ಬ ಡಾಟಾ ಎಂಟ್ರಿ ಆಪರೇಟರನ್ನು ಖಾಯಂ ಮಾಡಿ, ತಿಂಗಳು ತಿಂಗಳು ಸಂಬಳ ಕೊಡಿ. ಪ್ಲೇಟು ಓದಿದ ದಿನವೇ ಸಂಖ್ಯೆ ನನ್ನೊಳಗೆ ಬೀಳಲಿ.